ಸ್ಯಾಟ್, ಐಇಎಲ್‌ಟಿಎಸ್ ವ್ಯಾಕರಣ ಪ್ರಶ್ನೋತ್ತರ: ಮೊದಲು ಪೂರ್ಣ ಕ್ರಿಯಾಪದ ಹುಡುಕಿ

ನಮಸ್ಕಾರ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್, ಟೋಫೆಲ್ ಪರೀಕ್ಷೆ ಬರೆಯುವವರಿಗೆ 16 ವರ್ಷದಿಂದ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಕನ್ನಡ ಮನೆಮಾತಿನವರು ಎಡವುವ ಜಾಗಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ. ನಮಗೆ ಬರುವ ಕನ್ನಡವೇ ಅಲ್ಲಿ ಕೆಲವು ಕಡೆ ಕೈಹಿಡಿಯುತ್ತದೆ, ಕೆಲವು ಕಡೆ ದಾರಿ ತಪ್ಪಿಸುತ್ತದೆ. ಯಾವುದು ಎಲ್ಲಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಂಗ್ಲಿಷ್ ಉದಾಹರಣೆಗಳನ್ನೂ ಕನ್ನಡ ಲಿಪಿಯಲ್ಲೇ ಹಾಕುತ್ತೇನೆ, ಬಾಯಿಬಿಟ್ಟು ಓದಿಕೊಳ್ಳಿ. ಗುಂಪಿನ ಸದಸ್ಯರು ನಿಮ್ಮ ಪ್ರಶ್ನೆಗಳನ್ನು ಕೇಳಿ.

ಪ್ರಶ್ನೆ: ಮೇಡಂ, ಸ್ಯಾಟ್‌ಗೆ ಇನ್ನು ಆರು ವಾರ ಇದೆ. ನನ್ನ ಹತ್ತಿರ ಇರುವ ವ್ಯಾಕರಣ ಪುಸ್ತಕದಲ್ಲಿ 40 ಅಧ್ಯಾಯ. ನೌನ್‌ನಿಂದ ಶುರುಮಾಡಿದವನು ಮೂರನೇ ಅಧ್ಯಾಯದಲ್ಲೇ ಇದ್ದೇನೆ. ಎಲ್ಲಿಂದ ಹಿಡಿಯಲಿ?

ಉತ್ತರ: ಆ ಪುಸ್ತಕ ಸದ್ಯಕ್ಕೆ ಮುಚ್ಚಿಡಿ. ಈಗಿನ ಡಿಜಿಟಲ್ ಸ್ಯಾಟ್‌ನಲ್ಲಿ ಓದು-ಬರಹದ ಭಾಗಕ್ಕೆ 54 ಪ್ರಶ್ನೆ, 64 ನಿಮಿಷ. ಅದರಲ್ಲಿ ನೇರವಾಗಿ ವ್ಯಾಕರಣ, ವಿರಾಮಚಿಹ್ನೆ ಕೇಳುವುದು 11ರಿಂದ 15 ಪ್ರಶ್ನೆ. ನೌನ್ ಎಷ್ಟು ವಿಧ ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಎರಡೇ ಬಗೆ: ವಾಕ್ಯ ಎಲ್ಲಿ ಮುಗಿಯಿತು, ಮತ್ತು ಈ ಜಾಗದಲ್ಲಿ ಪದದ ಯಾವ ರೂಪ ಬರಬೇಕು. ಎರಡಕ್ಕೂ ಉತ್ತರ ಸಿಗುವುದು ಒಂದೇ ಕಡೆ, ವಾಕ್ಯದ ಪೂರ್ಣ ಕ್ರಿಯಾಪದದಲ್ಲಿ. ಅದನ್ನು ಬೆರಳಿಟ್ಟು ತೋರಿಸಲು ಬಂದರೆ ಮಿಕ್ಕದ್ದೆಲ್ಲ ಹಿಂದೆಯೇ ಬರುತ್ತದೆ.

ಶಾಲೆಯಲ್ಲಿ ಕೃದಂತ ಓದಿದ್ದು ನೆನಪಿದೆಯಾ? ಓದಿ, ಓದುವ, ಓದಿದ, ಓದಲು, ಓದುತ್ತಾ. ಇವು ಯಾವುವೂ ವಾಕ್ಯ ಮುಗಿಸುವುದಿಲ್ಲ. ಓದಿದನು, ಓದುತ್ತಾಳೆ, ಓದುವರು ಅಂದಾಗಲೇ ವಾಕ್ಯ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲೂ ಹಾಗೆಯೇ. ಬರೀ ಇಂಗ್ ಸೇರಿದ ರೂಪ, ಟು ಸೇರಿದ ರೂಪ, ರಿಟನ್, ಸೀನ್, ನೋನ್‌ನಂಥ ರೂಪಗಳು ಒಂಟಿಯಾಗಿ ನಿಂತರೆ ಅವೆಲ್ಲ ಕೃದಂತಗಳೇ.

ಇದನ್ನು ನೋಡಿ: "ದ ಸ್ಕಾಲರ್ ಸ್ಟಡಿಯಿಂಗ್ ಓಲ್ಡ್ ಮ್ಯಾಪ್ಸ್." ಕಿವಿಗೆ ವಾಕ್ಯದ ಹಾಗೇ ಕೇಳುತ್ತದೆ. ಕನ್ನಡಕ್ಕೆ ತಿರುಗಿಸಿ: "ಹಳೆಯ ನಕಾಶೆಗಳನ್ನು ಅಧ್ಯಯನ ಮಾಡುತ್ತಿರುವ ವಿದ್ವಾಂಸ". ಸರಿ, ಆ ವಿದ್ವಾಂಸ ಏನು ಮಾಡಿದ? ಗೊತ್ತಿಲ್ಲ. ಅಂದರೆ ವಾಕ್ಯ ಇನ್ನೂ ಆಗಿಲ್ಲ. ಸ್ಟಡಿಯಿಂಗ್ ಜಾಗದಲ್ಲಿ ಸ್ಟಡೀಸ್ ಅಥವಾ ಸ್ಟಡೀಡ್ ಹಾಕಿ, ಆಗ ನಿಲ್ಲುತ್ತದೆ. ನಾಲ್ಕು ಆಯ್ಕೆಗಳಲ್ಲಿ ಟು ಸ್ಟಡಿ, ಸ್ಟಡಿಯಿಂಗ್, ಹ್ಯಾವಿಂಗ್ ಸ್ಟಡೀಡ್, ಸ್ಟಡೀಡ್ ಅಂತ ಕೊಟ್ಟಿದ್ದರೆ ಅದು ಟೆನ್ಸ್ ಪ್ರಶ್ನೆಯೇ ಅಲ್ಲ. ವಾಕ್ಯಕ್ಕೆ ಪೂರ್ಣ ಕ್ರಿಯಾಪದ ಬೇಕಾ ಬೇಡವಾ ಅನ್ನುವುದಷ್ಟೇ ಪ್ರಶ್ನೆ.

ಇವತ್ತಿನ ಅಭ್ಯಾಸಕ್ಕೆ ಒಂದು ವಾಕ್ಯ ಕೊಡುತ್ತೇನೆ. "ದ ಲೆಟರ್ಸ್ ಫೌಂಡ್ ಇನ್ ದ ಆಟಿಕ್, ಮೆನಿ ಆಫ್ ದೆಮ್ ರಿಟನ್ ಬೈ ಎ ಯಂಗ್ ಸೇಲರ್, ಡಿಸ್ಕ್ರೈಬ್ ಎ ಲಾಂಗ್ ವಾಯೇಜ್." ಪೂರ್ಣ ಕ್ರಿಯಾಪದ ಯಾವುದು? ಯೋಚಿಸಿ ಬರೆಯಿರಿ, ಅವಸರ ಬೇಡ.

ಪ್ರಶ್ನೆ: ನನಗೆ ಕಾಮಾ ಕಾಟ. ಎರಡು ವಾಕ್ಯ ಜೋಡಿಸುವಾಗ ಕಾಮಾ ಹಾಕಿದರೆ ಪ್ರತಿ ಸಲ ತಪ್ಪು ಅಂತ ಬರುತ್ತದೆ. "ದ ಬೆಲ್ ರ‍್ಯಾಂಗ್, ದ ಸ್ಟೂಡೆಂಟ್ಸ್ ಲೆಫ್ಟ್" ಅನ್ನುವುದರಲ್ಲಿ ತಪ್ಪೇನು? ಅರ್ಥ ಆಗುತ್ತದಲ್ಲ?

ಉತ್ತರ: ಅರ್ಥ ಆಗುತ್ತದೆ, ಆದರೂ ಪರೀಕ್ಷೆಯಲ್ಲಿ ಅದು ತಪ್ಪೇ. ಕಾಮಾದ ಎಡಕ್ಕೆ ಒಂದು ಪೂರ್ಣ ಕ್ರಿಯಾಪದ, ರ‍್ಯಾಂಗ್. ಬಲಕ್ಕೆ ಇನ್ನೊಂದು, ಲೆಫ್ಟ್. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾ ಹಿಡಿದಿಡಲಾರದು. ಇದಕ್ಕೆ ಕಾಮಾ ಸ್ಪ್ಲೈಸ್ ಅನ್ನುತ್ತಾರೆ.

ನಮ್ಮವರಿಗೆ ಇದು ಯಾಕೆ ಹೆಚ್ಚು ಆಗುತ್ತದೆ ಹೇಳುತ್ತೇನೆ. ಕನ್ನಡದಲ್ಲಿ ನಾವು ಕೆಲಸಗಳನ್ನು ಸರಪಳಿಯ ಹಾಗೆ ಪೋಣಿಸುತ್ತೇವೆ: ಬಂದು, ಕೂತು, ನೀರು ಕುಡಿದು, ಮಾತಾಡಿದಳು. ಪ್ರತಿ ಉಸಿರಿಗೂ ಕಾಮಾ ಹಾಕಬಹುದು, ಏಕೆಂದರೆ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಅದನ್ನೇ ಇಂಗ್ಲಿಷ್‌ಗೆ ತಂದಾಗ ಪ್ರತಿಯೊಂದೂ ಪೂರ್ಣ ಕ್ರಿಯಾಪದ ಆಗಿಬಿಡುತ್ತದೆ: ಶಿ ಕೇಮ್, ಶಿ ಸ್ಯಾಟ್, ಶಿ ಡ್ರ್ಯಾಂಕ್. ಕಾಮಾ ಮಾತ್ರ ಕನ್ನಡದಲ್ಲಿದ್ದ ಜಾಗದಲ್ಲೇ ಉಳಿಯುತ್ತದೆ.

ಸರಿಮಾಡಲು ದಾರಿಗಳಿವೆ. ಫುಲ್‌ಸ್ಟಾಪ್ ಇಡಿ. ಇಲ್ಲವೇ ಸೆಮಿಕೋಲನ್ ಇಡಿ. ಇಲ್ಲವೇ ಕಾಮಾದ ಜೊತೆಗೆ ಆಂಡ್, ಬಟ್, ಸೋ, ಆರ್, ಯೆಟ್‌ನಂಥ ಸಣ್ಣ ಪದ ಸೇರಿಸಿ. ಇಲ್ಲವೇ ಒಂದು ವಾಕ್ಯವನ್ನು ಇನ್ನೊಂದರ ಕೈಕೆಳಗೆ ತನ್ನಿ: "ವೆನ್ ದ ಬೆಲ್ ರ‍್ಯಾಂಗ್, ದ ಸ್ಟೂಡೆಂಟ್ಸ್ ಲೆಫ್ಟ್." ಕನ್ನಡದ "ಗಂಟೆ ಬಾರಿಸಿದಾಗ" ಅನ್ನುವುದೇ ಅದು.

ಹೌವೆವರ್, ದೇರ್‌ಫೋರ್, ಮೋರೋವರ್ ಇವು ಆಂಡ್, ಬಟ್‌ಗಳ ಸಾಲಿಗೆ ಸೇರಿದವಲ್ಲ ಅನ್ನುವುದನ್ನು ಗೆರೆ ಎಳೆದು ಬರೆದಿಟ್ಟುಕೊಳ್ಳಿ. "ದ ಟೆಸ್ಟ್ ಫೇಲ್ಡ್, ಹೌವೆವರ್, ದ ಟೀಮ್ ಕಂಟಿನ್ಯೂಡ್" ಅನ್ನುವುದು ತಪ್ಪು. ಫೇಲ್ಡ್ ಆದಮೇಲೆ ಸೆಮಿಕೋಲನ್ ಬೇಕು, ಹೌವೆವರ್ ಆದಮೇಲೆ ಕಾಮಾ. ಕೆಲವು ಸಲ ಹೌವೆವರ್ ಹಿಂದಿನ ವಾಕ್ಯದ ಬಾಲವಾಗಿ ಬರುತ್ತದೆ, ಆಗ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಅದರ ನಂತರ. "ಮೋಸ್ಟ್ ಬರ್ಡ್ಸ್ ಸ್ಲೀಪ್ ಅಟ್ ನೈಟ್. ಔಲ್ಸ್ ಆರ್ ಡಿಫರೆಂಟ್, ಹೌವೆವರ್. ದೇ ಹಂಟ್ ಇನ್ ದ ಡಾರ್ಕ್." ವಿರೋಧ ಇರುವುದು ಬೇರೆ ಹಕ್ಕಿಗಳಿಗೂ ಗೂಬೆಗೂ ನಡುವೆ. ಗೂಬೆ ಬೇರೆ ಅನ್ನುವುದಕ್ಕೂ ಅದು ಕತ್ತಲಲ್ಲಿ ಬೇಟೆಯಾಡುತ್ತದೆ ಅನ್ನುವುದಕ್ಕೂ ನಡುವೆ ವಿರೋಧ ಇಲ್ಲ. ಇಂಥ ಪ್ರಶ್ನೆ ಸ್ಯಾಟ್‌ನಲ್ಲಿ ಬರುತ್ತದೆ. ಬರೀ ಚಿಹ್ನೆ ನೋಡಿ ಉತ್ತರಿಸಿದರೆ ಖಂಡಿತ ತಪ್ಪುತ್ತದೆ, ಅರ್ಥ ನೋಡಲೇಬೇಕು.

ಅದೇ ಸದಸ್ಯರು: ಹಾಗಾದರೆ ಆಂಡ್ ಮೊದಲು ಯಾವಾಗಲೂ ಕಾಮಾ ಹಾಕಬೇಕಾ?

ಉತ್ತರ: ಇಲ್ಲ. ಆಂಡ್ ಆದಮೇಲೆ ಹೊಸ ಕರ್ತೃವೂ ಹೊಸ ಕ್ರಿಯಾಪದವೂ ಬಂದು ಇನ್ನೊಂದು ಪೂರ್ತಿ ವಾಕ್ಯ ಆದರೆ ಹಾಕಿ. "ಶಿ ಓಪನ್ಡ್ ದ ಡೋರ್ ಆಂಡ್ ವಾಕ್ಡ್ ಇನ್" ಅನ್ನುವಲ್ಲಿ ಶಿ ಒಬ್ಬಳೇ ಎರಡೂ ಕೆಲಸ ಮಾಡಿದ್ದು, ಕಾಮಾ ಬೇಡ. ಇನ್ನೊಂದು ಮಾತು. ನಾಲ್ಕು ಆಯ್ಕೆಗಳಲ್ಲಿ ಎರಡರ ಪದಗಳೆಲ್ಲ ಒಂದೇ, ಒಂದರಲ್ಲಿ ಫುಲ್‌ಸ್ಟಾಪ್, ಇನ್ನೊಂದರಲ್ಲಿ ಸೆಮಿಕೋಲನ್ ಅಷ್ಟೇ ವ್ಯತ್ಯಾಸ ಅಂತಿಟ್ಟುಕೊಳ್ಳಿ. ವ್ಯಾಕರಣದಲ್ಲಿ ಅವೆರಡೂ ಮಾಡುವುದು ಒಂದೇ ಕೆಲಸ. ಸರಿಯುತ್ತರ ಒಂದೇ ಇರಬೇಕಾದ್ದರಿಂದ ಎರಡನ್ನೂ ಬಿಡಬಹುದು.

ಪ್ರಶ್ನೆ: ಸಬ್ಜೆಕ್ಟ್ ವರ್ಬ್ ಹೊಂದಾಣಿಕೆ ನಿಯಮ ನನಗೆ ಬಾಯಿಪಾಠ. ಆದರೂ "ದ ಬಾಕ್ಸ್ ಆಫ್ ಓಲ್ಡ್ ಲೆಟರ್ಸ್" ಅಂತ ಬಂದರೆ ಕೈ ತಾನಾಗಿಯೇ ವರ್ ಒತ್ತುತ್ತದೆ. ಯಾಕೆ ಹೀಗೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ನಿಯಮ ಸರಿಯಾಗೇ ಇದೆ, ಕಣ್ಣು ತಪ್ಪು ಪದದ ಮೇಲೆ ಬೀಳುತ್ತಿದೆ.

ಕನ್ನಡದಲ್ಲಿ ನಾವು "ಹಳೆಯ ಪತ್ರಗಳ ಪೆಟ್ಟಿಗೆ ಕಳೆದುಹೋಯಿತು" ಅನ್ನುತ್ತೇವೆ. ಮುಖ್ಯ ಪದ ಪೆಟ್ಟಿಗೆ ಕೊನೆಯಲ್ಲಿ, ಕ್ರಿಯಾಪದದ ಪಕ್ಕದಲ್ಲೇ ಕೂತಿದೆ. ಪತ್ರಗಳು ಷಷ್ಠೀ ವಿಭಕ್ತಿ ತೊಟ್ಟು ಹಿಂದಕ್ಕೆ ಸರಿದಿವೆ. ಹಾಗಾಗಿ ಕ್ರಿಯಾಪದದ ಪಕ್ಕದ ಪದಕ್ಕೆ ಹೊಂದಿಸುವುದು ನಮಗೆ ಅಭ್ಯಾಸ. ಇಂಗ್ಲಿಷ್‌ನಲ್ಲಿ ಇದೇ ಗುಂಪು ತಿರುಗಿ ನಿಲ್ಲುತ್ತದೆ. ಬಾಕ್ಸ್ ಮುಂದೆ ಹೋಗುತ್ತದೆ, ಲೆಟರ್ಸ್ ಬಂದು ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ಪ್ರಶ್ನೆ ಬರೆಯುವವರು ಆ ಸಂದಿಯಲ್ಲೇ ಬಲೆ ಹಾಕುತ್ತಾರೆ.

ಮದ್ದು ಸುಲಭ. ಇಡೀ ಗುಂಪನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಕೊನೆಗೆ ಯಾವುದು ನಿಲ್ಲುತ್ತದೆ ನೋಡಿ. "ಎ ನಂಬರ್ ಆಫ್ ಸ್ಟೂಡೆಂಟ್ಸ್" ಅಂದರೆ ಹಲವು ವಿದ್ಯಾರ್ಥಿಗಳು, ಕೊನೆಗೆ ನಿಂತದ್ದು ವಿದ್ಯಾರ್ಥಿಗಳು, ಹಾಗಾಗಿ ಆರ್. "ದ ನಂಬರ್ ಆಫ್ ಸ್ಟೂಡೆಂಟ್ಸ್" ಅಂದರೆ ವಿದ್ಯಾರ್ಥಿಗಳ ಸಂಖ್ಯೆ, ಕೊನೆಗೆ ನಿಂತದ್ದು ಸಂಖ್ಯೆ, ಹಾಗಾಗಿ ಈಸ್. ಎಷ್ಟೋ ಜನ ಈ ಜೋಡಿಯನ್ನು ಉರುಹೊಡೆಯುತ್ತಾರೆ, ಅದರ ಅಗತ್ಯವೇ ಇಲ್ಲ. ಅಲಾಂಗ್ ವಿತ್, ಆಸ್ ವೆಲ್ ಆಸ್, ಟುಗೆದರ್ ವಿತ್ ಬಂದರೂ ಹೀಗೇ. "ಗೆಳತಿಯರ ಜೊತೆ ಅವಳು ಬಂದಳು" ಅನ್ನುತ್ತೇವೆ, ಬಂದರು ಅನ್ನುವುದಿಲ್ಲ. ಜೊತೆ ಎಷ್ಟು ಜನ ಇದ್ದರೂ ಬಂದವಳು ಅವಳೇ.

ಕನ್ನಡ ಕೈಕೊಡುವ ಜಾಗವೂ ಒಂದಿದೆ. "ಅವರಲ್ಲಿ ಪ್ರತಿಯೊಬ್ಬರೂ ಬಂದಿದ್ದಾರೆ" ಅಂತ ನಾವು ಬಹುವಚನ ಹಾಕುತ್ತೇವೆ. ಇಂಗ್ಲಿಷ್‌ನ ಈಚ್, ಎವ್ರಿಒನ್ ಏಕವಚನವನ್ನೇ ಕೇಳುತ್ತವೆ, ಪರೀಕ್ಷೆಯ ಬರಹದ ಇಂಗ್ಲಿಷ್‌ನಲ್ಲಿ ನೈದರ್ ಕೂಡ: "ಈಚ್ ಆಫ್ ದೆಮ್ ಹ್ಯಾಸ್ ಕಮ್." ಇಲ್ಲಿ ಕನ್ನಡದ ಕಿವಿ ನಂಬಬೇಡಿ.

ಕ್ರಿಯಾಪದ ಕರ್ತೃವಿಗಿಂತ ಮೊದಲೇ ಬರುವ ವಾಕ್ಯಗಳೂ ಇರುತ್ತವೆ. "ಅಮಂಗ್ ದ ರೂಯಿನ್ಸ್ ಸ್ಟ್ಯಾಂಡ್ಸ್ ಎ ಟವರ್." ನಿಂತಿರುವುದು ಟವರ್, ರೂಯಿನ್ಸ್ ಅಲ್ಲ.

ಪ್ರಶ್ನೆ: ಇಟ್ಸ್ ಯಾವಾಗ ಅಪಾಸ್ಟ್ರಫಿ ಜೊತೆ, ಯಾವಾಗ ಇಲ್ಲದೆ? ಎಷ್ಟು ಸಲ ಓದಿದರೂ ಮರೆಯುತ್ತದೆ.

ಉತ್ತರ: "ಅದರ" ಅನ್ನುವ ಅರ್ಥ ಬಂದರೆ ಅಪಾಸ್ಟ್ರಫಿ ಬೇಡ. ಆ ಜಾಗದಲ್ಲಿ ಇಟ್ ಈಸ್ ಅಥವಾ ಇಟ್ ಹ್ಯಾಸ್ ಅಂತ ಬಿಡಿಸಿ ಓದಿದರೆ ಹೊಂದುತ್ತದಾ, ಆಗ ಬೇಕು.

ಇದಕ್ಕಿಂತ ಹೆಚ್ಚು ಅಂಕ ಹೋಗುವುದು ಸ್ಟೂಡೆಂಟ್ಸ್‌ನಂಥ ಪದಗಳಲ್ಲಿ. ಬಾಯಲ್ಲಿ ಒಂದೇ ಸದ್ದು, ಬರಹದಲ್ಲಿ ಮೂರು ರೂಪ. ಕನ್ನಡದಲ್ಲಿ ಮೂರೂ ಬೇರೆಬೇರೆಯಾಗೇ ಕೇಳುತ್ತವೆ: ವಿದ್ಯಾರ್ಥಿಗಳು, ವಿದ್ಯಾರ್ಥಿಯ, ವಿದ್ಯಾರ್ಥಿಗಳ. ಗಳು ಆದರೆ ಅಪಾಸ್ಟ್ರಫಿಯೇ ಇಲ್ಲ. ಒಬ್ಬನ "ಯ" ಆದರೆ ಎಸ್ ಮೊದಲು. ಹಲವರ "ಗಳ" ಆದರೆ ಎಸ್ ನಂತರ. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಅಪಾಸ್ಟ್ರಫಿ ಇಡಿ.

ಪ್ರಶ್ನೆ: ಮೇಡಂ, ಎಂಬಿಎ ಪ್ರವೇಶದ ಜಿಮ್ಯಾಟ್‌ಗೆ ಅಂತ ಅಣ್ಣ ಓದಿದ ಪುಸ್ತಕ ಇದೆ, ಅದರಲ್ಲಿ ವಾಕ್ಯ ತಿದ್ದುವ ಸೆಂಟೆನ್ಸ್ ಕರೆಕ್ಷನ್ ಭಾಗ ತುಂಬಾ ಚೆನ್ನಾಗಿದೆ. ಅದನ್ನೇ ಓದಲಾ? ಸ್ನಾತಕೋತ್ತರ ಪ್ರವೇಶದ ಜಿಆರ್‌ಇಗೂ ಆಗುತ್ತದಾ?

ಉತ್ತರ: ಬೇಡ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ ಇಲ್ಲವೇ ಇಲ್ಲ, ಹಳೆಯ ಮಾದರಿ 2024ರ ಆರಂಭದಲ್ಲಿ ನಿಂತಿತು. ಜಿಆರ್‌ಇಯಲ್ಲಿ ವ್ಯಾಕರಣಕ್ಕೆ ಬೇರೆ ಪ್ರಶ್ನೆಗಳಿಲ್ಲ. ಭಾಷೆಯ ಕಡೆ ಪದಸಂಪತ್ತು, ಓದು, ಒಂದು ಪ್ರಬಂಧ ಅಷ್ಟೇ. ಇಂಟರ್ನೆಟ್ ಮೂಲಕ ಬರೆಯುವ ಟೋಫೆಲ್ ಐಬಿಟಿ 2005ರಲ್ಲಿ ಬಂದಾಗಲೇ ವ್ಯಾಕರಣದ ಪ್ರತ್ಯೇಕ ವಿಭಾಗ ಬಿಟ್ಟುಹೋಯಿತು, ಸಂಸ್ಥೆಗಳು ತಮ್ಮಲ್ಲಿ ನಡೆಸುವ ಟೋಫೆಲ್ ಐಟಿಪಿಯಲ್ಲಿ ಮಾತ್ರ 25 ನಿಮಿಷಕ್ಕೆ 40 ಪ್ರಶ್ನೆಗಳ ವಿಭಾಗ ಇದೆ. ಸ್ಯಾಟ್‌ನಂಥದ್ದೇ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸಿಟಿಯ ಇಂಗ್ಲಿಷ್ ಭಾಗ ಕೂಡ 2025ರಿಂದ ಬದಲಾಗಿದೆ. ಮೊದಲು 45 ನಿಮಿಷಕ್ಕೆ 75 ಪ್ರಶ್ನೆ ಇತ್ತು, ಹೊಸದರಲ್ಲಿ 35 ನಿಮಿಷಕ್ಕೆ 50. ಪುಸ್ತಕ ತೆರೆಯುವ ಮೊದಲು ಅದು ಯಾವ ವರ್ಷದ್ದು ಅಂತ ನೋಡಿ. ಹಳೆಯ ಮಾದರಿಗೆ ತಿಂಗಳುಗಟ್ಟಲೆ ಬೆವರು ಸುರಿಸಿ ಬಂದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಆರ್ಟಿಕಲ್ ಬಗ್ಗೆ ಹೇಳಿ ಮೇಡಂ. ಎ, ಆನ್, ದ. ಹತ್ತು ವರ್ಷದಿಂದ ಇಂಗ್ಲಿಷ್‌ನಲ್ಲೇ ಕೆಲಸ ಮಾಡುತ್ತಿದ್ದೇನೆ, ಇವತ್ತಿಗೂ ಅಂದಾಜಿನ ಮೇಲೇ ಹಾಕುತ್ತೇನೆ.

ಉತ್ತರ: ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಅನ್ನುತ್ತಾರೆ, ನಿಜ. ಆದರೆ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲೂ ನಡೆಯುತ್ತದೆ. "ಪುಸ್ತಕ ಓದಿದೆ" ಅಂದರೆ ಯಾವುದೋ ಒಂದು ಇರಬಹುದು. "ಪುಸ್ತಕವನ್ನು ಓದಿದೆ" ಅಂದಾಗ ಕೇಳುವವರಿಗೆ ಯಾವ ಪುಸ್ತಕ ಅಂತ ಆಗಲೇ ಗೊತ್ತಿದೆ ಅನ್ನುವ ಭಾವ ಸಾಮಾನ್ಯವಾಗಿ ಬರುತ್ತದೆ. ಆ "ಅನ್ನು" ಮಾಡಿದ ಕೆಲಸವನ್ನೇ ಇಂಗ್ಲಿಷ್‌ನಲ್ಲಿ ದ ಮಾಡುತ್ತದೆ. ಹಾಗಾಗಿ ಬರೆಯುವಾಗ ಕೇಳಿಕೊಳ್ಳಿ: ಓದುಗನಿಗೆ ಇದು ಯಾವುದು ಅಂತ ಗೊತ್ತಾ? ಗೊತ್ತಿದ್ದರೆ ದ. ಗೊತ್ತಿಲ್ಲ, ಆದರೆ ಎಣಿಸಬಹುದಾದ ಒಂದು ವಸ್ತು ಆಗಿದ್ದರೆ ಎ ಅಥವಾ ಆನ್. ಎಣಿಸಲಾಗದ್ದು, ಅಥವಾ ಒಟ್ಟಾರೆ ಮಾತಿನ ಬಹುವಚನ ಆಗಿದ್ದರೆ ಏನೂ ಬೇಡ. ಎಲ್ಲವೂ ಇದರಲ್ಲಿ ಹಿಡಿಯುವುದಿಲ್ಲ, ನದಿ ಪರ್ವತಗಳ ಹೆಸರಿನಂಥವು ಬೇರೆಯಾಗೇ ಕಲಿಯಬೇಕು. ಆದರೆ ಪ್ರಬಂಧದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯಿಂದಲೇ ನಿಲ್ಲುತ್ತವೆ.

ಇನ್ಫರ್ಮೇಷನ್, ಅಡ್ವೈಸ್, ಎವಿಡೆನ್ಸ್, ಎಕ್ವಿಪ್‌ಮೆಂಟ್, ಫರ್ನಿಚರ್. ಇವಕ್ಕೆ ಎಸ್ ಹತ್ತುವುದಿಲ್ಲ, ಹಿಂದೆ ಎ, ಆನ್ ಕೂಡ ಬರುವುದಿಲ್ಲ. ನಾವು "ಮಾಹಿತಿಗಳು", "ಸಲಹೆಗಳು" ಅನ್ನುತ್ತೇವಲ್ಲ, ಆ ಗಳು ಇಂಗ್ಲಿಷ್‌ಗೆ ನುಸುಳಿಬಿಡುತ್ತದೆ. ಇದಕ್ಕೆ ಉಲ್ಟಾ ತಪ್ಪೂ ಇದೆ. "ಹತ್ತು ಮರ", "ನಾಲ್ಕು ದಿನ" ಅಂತ ಸಂಖ್ಯೆ ಬಂದಮೇಲೆ ನಾವು ಗಳು ಬಿಡುತ್ತೇವೆ, ಹಾಗಾಗಿ "ಫೋರ್ ಡೇ" ಅಂತ ಬರೆದುಬಿಡುತ್ತಾರೆ. ಐಇಎಲ್‌ಟಿಎಸ್ ಗ್ರಾಫ್ ವಿವರಿಸುವಾಗ ಪ್ರತಿ ಸಂಖ್ಯೆಯ ಮುಂದಿನ ಪದವನ್ನು ಮತ್ತೆ ನೋಡಿ.

ಎ, ಆನ್ ನಡುವೆ ಆರಿಸಲು ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಸ್ವರದಿಂದ ಶುರುವಾದರೆ ಆನ್, ವ್ಯಂಜನದಿಂದ ಶುರುವಾದರೆ ಎ. ಯೂನಿವರ್ಸಿಟಿ ಯಕಾರದಿಂದ ಶುರು, ಹಾಗಾಗಿ ಎ ಯೂನಿವರ್ಸಿಟಿ. ಗಂಟೆ ಅನ್ನುವ ಅರ್ಥದ ಅವರ್ ಅಕಾರದಿಂದ ಶುರು, ಹಾಗಾಗಿ ಆನ್ ಅವರ್. ಅಲ್ಲಿ ಎಚ್ ಅಕ್ಷರ ಇದ್ದರೂ ಸದ್ದಿಲ್ಲ. ಆದರೆ ಎರಡು ಕಡೆ ಎಚ್ಚರ. ನಮ್ಮಲ್ಲಿ ಅನೇಕರ ಬಾಯಲ್ಲಿ ಎಕಾರದ ಹಿಂದೆ ಒಂದು ಯಕಾರ ಸೇರಿಕೊಳ್ಳುತ್ತದೆ, ಎಗ್ಸಾಮ್ ಹೋಗಿ ಯೆಗ್ಸಾಮ್ ಆಗುತ್ತದೆ. ಆ ಯಕಾರ ನಮ್ಮದು, ಇಂಗ್ಲಿಷ್‌ನದಲ್ಲ. ಆನ್ ಎಗ್ಸಾಮ್ ಸರಿ. ಇನ್ನೊಂದು, ಒನ್ ಅಂತ ನಾವು ಬರೆದರೂ ಇಂಗ್ಲಿಷ್‌ನಲ್ಲಿ ಅದರ ಸದ್ದು ವನ್. ಹಾಗಾಗಿ ಎ ಒನ್-ವೇ ಸ್ಟ್ರೀಟ್.

ಪ್ರಶ್ನೆ: "ವಾಕಿಂಗ್ ಡೌನ್ ದ ಸ್ಟ್ರೀಟ್, ದ ಟ್ರೀಸ್ ಲುಕ್ಡ್ ಬ್ಯೂಟಿಫುಲ್." ಇದು ತಪ್ಪು ಅಂತ ಉತ್ತರಪತ್ರಿಕೆ ಹೇಳುತ್ತದೆ. ಡ್ಯಾಂಗ್ಲಿಂಗ್ ಮಾಡಿಫೈಯರ್ ಅಂತೆ. ವಿವರಣೆ ಓದಿದರೂ ತಲೆಗೆ ಹತ್ತಲಿಲ್ಲ.

ಉತ್ತರ: ಕನ್ನಡದಲ್ಲಿ ಹೇಳಿ ನೋಡಿ: "ಬೀದಿಯಲ್ಲಿ ನಡೆಯುತ್ತಾ ಮರಗಳು ಚೆಂದ ಕಂಡವು." ನಡೆದದ್ದು ಯಾರು? ಮರಗಳು ಅನ್ನುವ ಹಾಗಾಯಿತು. ನಾವು ಸಹಜವಾಗಿ "ಬೀದಿಯಲ್ಲಿ ನಡೆಯುತ್ತಿದ್ದಾಗ ಮರಗಳು ಚೆಂದ ಕಂಡವು" ಅನ್ನುತ್ತೇವೆ. ನಡೆಯುತ್ತಾ ಅನ್ನುವುದರ ಕರ್ತೃವೂ ಮುಂದಿನ ಕ್ರಿಯಾಪದದ ಕರ್ತೃವೂ ಒಬ್ಬರೇ ಆಗಿರಬೇಕು, ಬೇರೆಯಾದರೆ ನಡೆಯುತ್ತಿದ್ದಾಗ ಬರಬೇಕು. ಇಂಗ್ಲಿಷ್‌ನ ಇಂಗ್ ರೂಪಕ್ಕೂ ಅದೇ ಕಟ್ಟು. ಕಾಮಾ ಆದಮೇಲೆ ಮೊದಲು ಬರುವ ಹೆಸರು ಆ ಕೆಲಸ ಮಾಡಿದವರದ್ದೇ ಆಗಿರಬೇಕು: "ವಾಕಿಂಗ್ ಡೌನ್ ದ ಸ್ಟ್ರೀಟ್, ಐ ನೋಟಿಸ್ಡ್ ದ ಟ್ರೀಸ್." ಇಲ್ಲವೇ ವೆನ್ ಹಾಕಿ: "ವೆನ್ ಐ ವಾಸ್ ವಾಕಿಂಗ್ ಡೌನ್ ದ ಸ್ಟ್ರೀಟ್, ದ ಟ್ರೀಸ್ ಲುಕ್ಡ್ ಬ್ಯೂಟಿಫುಲ್." ಆಗ ಅದು ನಡೆಯುತ್ತಿದ್ದಾಗ ಆಯಿತು.

ಸ್ಯಾಟ್‌ನಲ್ಲಿ ಈ ಪ್ರಶ್ನೆ ಬಂದಾಗ ನಾಲ್ಕೂ ಆಯ್ಕೆ ಉದ್ದುದ್ದ ಇರುತ್ತವೆ. ಪೂರ್ತಿ ಓದಬೇಡಿ. ಪ್ರತಿ ಆಯ್ಕೆಯ ಮೊದಲ ಒಂದೆರಡು ಪದ ನೋಡಿ, ಕೆಲಸ ಮಾಡಿದವರು ಯಾರಿದ್ದಾರೆ ಅಂತ. ಷಷ್ಠೀ ವಿಭಕ್ತಿಯಲ್ಲಿ ಅಡಗಿದ್ದರೆ ಲೆಕ್ಕಕ್ಕಿಲ್ಲ. "ದ ಪೇಂಟರ್ಸ್ ಬ್ರಷ್" ಅಂತ ಶುರುವಾದರೆ ಅಲ್ಲಿ ಮುಂದೆ ನಿಂತಿರುವುದು ಬ್ರಷ್, ಪೇಂಟರ್ ಅಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ತಿದ್ದುತ್ತಿದ್ದೇನೆ ಅಂದುಕೊಳ್ಳಬೇಡಿ. "ಮಳೆ ಬಂದು ಕೆರೆ ತುಂಬಿತು" ಅನ್ನುತ್ತೇವಲ್ಲ? ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಬೇರೆಬೇರೆ.

ಉತ್ತರ: ತಿದ್ದಿದರೆ ಸಂತೋಷವೇ, ನೀವು ಹೇಳಿದ್ದು ಪೂರ್ತಿ ಸರಿ. ಒಂದು ಘಟನೆಯಿಂದಲೇ ಇನ್ನೊಂದು ಆದಾಗ ಕನ್ನಡ ಕರ್ತೃ ಬದಲಾಗಲು ಬಿಡುತ್ತದೆ, ನಾನು ಅದನ್ನು ಮೊದಲೇ ಹೇಳಬೇಕಿತ್ತು. ಮುಖ್ಯ ಅಂದರೆ ನಮ್ಮ ಮಕ್ಕಳ ತಪ್ಪು ಹುಟ್ಟುವುದು ಅಲ್ಲೇ. "ಮಳೆ ಸುರಿದು ರಸ್ತೆಗಳಲ್ಲಿ ನೀರು ನಿಂತಿತು" ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು "ಹ್ಯಾವಿಂಗ್ ರೇನ್ಡ್ ಆಲ್ ನೈಟ್, ದ ರೋಡ್ಸ್ ವರ್ ಫ್ಲಡೆಡ್" ಅಂತ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಮಳೆಯಾಗಿ ಸುರಿದದ್ದು ರಸ್ತೆಗಳೇ ಅಂತ ಆಗುತ್ತದೆ. "ಬಿಕಾಸ್ ಇಟ್ ಹ್ಯಾಡ್ ರೇನ್ಡ್ ಆಲ್ ನೈಟ್" ಅಂತ ಬರೆದರೆ ಸರಿ. ಈ ಉದಾಹರಣೆಯನ್ನು ಇನ್ನು ಮುಂದೆ ತರಗತಿಯಲ್ಲೂ ಹೇಳುತ್ತೇನೆ. ಧನ್ಯವಾದ.

ಪ್ರಶ್ನೆ: ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ ಎರಡು ಸಲವೂ 6 ಬಂದಿದೆ, 7 ಬೇಕು. ಉದ್ದುದ್ದ ಕಾಂಪ್ಲೆಕ್ಸ್ ವಾಕ್ಯ ಬರೆದರೆ ಬ್ಯಾಂಡ್ ಏರುತ್ತದೆ ಅಂತ ಹೇಳಿದ್ದರು, ಹಾಗೇ ಮಾಡಿದೆ.

ಉತ್ತರ: ಅರ್ಧ ನಿಜ ಹೇಳಿದ್ದಾರೆ. ರೈಟಿಂಗ್‌ನಲ್ಲಿ ನಾಲ್ಕು ಅಳತೆಗೋಲು, ತಲಾ 25%. ಅದರಲ್ಲಿ ವ್ಯಾಕರಣದ ಅಳತೆಯ ಹೆಸರಿನಲ್ಲೇ ಎರಡು ಮಾತಿದೆ, ವೈವಿಧ್ಯ ಮತ್ತು ನಿಖರತೆ. ನೀವು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿರಬಹುದು. 6ರಲ್ಲಿ ಸರಳ, ಸಂಕೀರ್ಣ ಎರಡೂ ಬಗೆಯ ವಾಕ್ಯ ಇದ್ದು ತಪ್ಪುಗಳೂ ಇರುತ್ತವೆ. 7ಕ್ಕೆ ತಪ್ಪೇ ಇಲ್ಲದ ವಾಕ್ಯಗಳು ಮತ್ತೆ ಮತ್ತೆ ಸಿಗಬೇಕು. 40 ಪದದ ಒಂದು ವಾಕ್ಯದಲ್ಲಿ ಒಂದು ಆರ್ಟಿಕಲ್ ತಪ್ಪಿದರೂ ಇಡೀ ವಾಕ್ಯ ಆ ಲೆಕ್ಕದಿಂದ ಹೊರಗೆ. ಅದನ್ನೇ ಮೂರು ವಾಕ್ಯ ಮಾಡಿದ್ದರೆ ಎರಡಾದರೂ ಶುದ್ಧವಾಗಿ ಉಳಿಯುತ್ತಿದ್ದವು.

ಎರಡನೇ ಟಾಸ್ಕ್‌ಗೆ, ಅಂದರೆ ಪ್ರಬಂಧಕ್ಕೆ, ಮೊದಲನೆಯದರ ಎರಡರಷ್ಟು ತೂಕ. 60 ನಿಮಿಷದಲ್ಲಿ ಅದಕ್ಕೆ 40 ಕೊಡಿ, ಅದರಲ್ಲಿ ಕೊನೆಯ 4 ನಿಮಿಷ ಬರೀ ತಿದ್ದಲು. ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ. ಒಮ್ಮೆ ಕ್ರಿಯಾಪದಗಳನ್ನಷ್ಟೇ ನೋಡಿಕೊಂಡು ಬನ್ನಿ, ಇನ್ನೊಮ್ಮೆ ನಾಮಪದಗಳನ್ನಷ್ಟೇ.

ಕನ್ನಡದಿಂದ ನೇರವಾಗಿ ಇಳಿಯುವ ಕೆಲವು ತಪ್ಪು ಹೇಳುತ್ತೇನೆ, ನಿಮ್ಮ ಹಳೆಯ ಪ್ರಬಂಧಗಳಲ್ಲಿ ಇವೆಯಾ ನೋಡಿ. "ಬಗ್ಗೆ ಚರ್ಚಿಸು" ಅನ್ನುವುದರಿಂದ ಡಿಸ್ಕಸ್ ಅಬೌಟ್ ಬರುತ್ತದೆ, ಡಿಸ್ಕಸ್‌ಗೆ ಅಬೌಟ್ ಬೇಡ. "ಮೇಲೆ ಒತ್ತು" ಅನ್ನುವುದರಿಂದ ಎಂಫಸೈಸ್ ಆನ್ ಬರುತ್ತದೆ, ಅಲ್ಲೂ ಆನ್ ಬೇಡ. "ನಿನ್ನೆ ನೋಡಿದ್ದೇನೆ" ಅನ್ನುವುದು ಕನ್ನಡದಲ್ಲಿ ಸರಿ, ಆದರೆ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ತಪ್ಪು. ಮುಗಿದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ ಹ್ಯಾವ್ ಹೋಗಬೇಕು: ಐ ಸಾ ಹಿಮ್ ಯೆಸ್ಟರ್‌ಡೇ. "ಇನ್ 2010, ದ ನಂಬರ್ ಹ್ಯಾಸ್ ಇನ್‌ಕ್ರೀಸ್ಡ್" ಅಂತ ಗ್ರಾಫ್ ವಿವರಣೆಯಲ್ಲಿ ಬರೆದಿರುತ್ತೀರಿ, ನೋಡಿ. "ಆದರೂ" ಇನ್ನೊಂದು. ಕನ್ನಡದಲ್ಲಿ "ಮಳೆ ಬಂದರೂ ಕೂಡ, ಆದರೂ ಅವನು ಹೋದ" ಅಂತ ಎರಡೆರಡು ಸಲ ಹೇಳಿದರೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಆಲ್ದೋ ಬಂದಮೇಲೆ ಬಟ್ ಬರಬಾರದು.

ಪ್ರಶ್ನೆ: ನಾನು ನಿಯಮ ನೋಡುವುದೇ ಇಲ್ಲ, ಕಿವಿಗೆ ಸರಿ ಅನ್ನಿಸಿದ್ದನ್ನು ಆರಿಸುತ್ತೇನೆ. ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ದು. ಆದರೂ ಸ್ಕೋರ್ ಒಂದು ಕಡೆ ನಿಂತುಬಿಟ್ಟಿದೆ.

ಉತ್ತರ: ಕಿವಿ ಕೆಟ್ಟ ಸಾಧನವಲ್ಲ, ಆದರೆ ಅದು ಮಾತಿನಲ್ಲಿ ಪಳಗಿದ್ದು. ಮಾತಿನಲ್ಲಿ ಸೆಮಿಕೋಲನ್ ಇಲ್ಲ, ಅಪಾಸ್ಟ್ರಫಿಗೆ ಸದ್ದಿಲ್ಲ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಹದಿನೈದು ಪದದ ಅಂತರ ಬರುವುದಿಲ್ಲ. ಪರೀಕ್ಷೆ ಕೇಳುವುದು ಸರಿಯಾಗಿ ಆ ಮೂರನ್ನೇ. ಎರಡು ವಾರ ಹೀಗೆ ಮಾಡಿ. ಪ್ರತಿ ಉತ್ತರದ ಪಕ್ಕದಲ್ಲಿ ಯಾಕೆ ಅಂತ ನಾಲ್ಕು ಪದ ಬರೆಯಿರಿ. "ಎರಡು ಪೂರ್ಣ ಕ್ರಿಯಾಪದ, ಕಾಮಾ ಸಾಲದು" ಅನ್ನುವ ಹಾಗೆ. ಕಾರಣ ಬರೆಯಲು ಬರದಿದ್ದರೆ ಉತ್ತರ ಸರಿಯಿದ್ದರೂ ತಪ್ಪಿನ ಪುಸ್ತಕಕ್ಕೆ ಹಾಕಿ. ನನ್ನ ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಿಟ್ಟ ಪುಸ್ತಕ ತಂದಾಗ ಇಬ್ಬರೂ ಕೂತು ವಿಂಗಡಿಸಿದೆವು. ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಒಂದೇ ಬಗೆಯವು, ನಡುವೆ ಸೇರಿಸಿದ ಮಾತಿಗೆ ಒಂದು ಕಡೆ ಕಾಮಾ, ಇನ್ನೊಂದು ಕಡೆ ಡ್ಯಾಶ್. ಶುರುವಿನಲ್ಲಿ ಯಾವ ಚಿಹ್ನೆಯೋ ಮುಗಿಯುವಾಗಲೂ ಅದೇ ಇರಬೇಕು ಅನ್ನುವ ಒಂದು ಮಾತು ಅವಳಿಗೆ ತಿಂಗಳುಗಟ್ಟಲೆ ತಪ್ಪಿಹೋಗಿತ್ತು. ಅದು ಕಂಡ ದಿನ ಅವಳ ಮುಖ ಅರಳಿದ್ದು ನನಗಿನ್ನೂ ನೆನಪಿದೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನೀವು ಕೊಟ್ಟ ವಾಕ್ಯ. ಪೂರ್ಣ ಕ್ರಿಯಾಪದ ಫೌಂಡ್ ಅಲ್ವಾ? ಫೈಂಡ್‌ನ ಪಾಸ್ಟ್ ಟೆನ್ಸ್.

ಉತ್ತರ: ರೂಪ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಪತ್ರಗಳು ಏನನ್ನಾದರೂ ಹುಡುಕಿದವಾ? ಕನ್ನಡಕ್ಕೆ ತಿರುಗಿಸಿ ನೋಡಿ.

ಅದೇ ಸದಸ್ಯರು: ಅಟ್ಟದಲ್ಲಿ ಸಿಕ್ಕ ಪತ್ರಗಳು... ಸಿಕ್ಕ ಅಂತ ಬಂತು, ಅದು ಕೃದಂತ. ರಿಟನ್ ಅಂದರೆ ಬರೆದ, ಅದೂ ಕೃದಂತ. ದೂರದ ಪ್ರಯಾಣವೊಂದನ್ನು ವರ್ಣಿಸುತ್ತವೆ. ಡಿಸ್ಕ್ರೈಬ್! ಲೆಟರ್ಸ್ ಬಹುವಚನ, ಅದಕ್ಕೇ ಡಿಸ್ಕ್ರೈಬ್ಸ್ ಅಲ್ಲ. ಪಕ್ಕದಲ್ಲಿರುವ ಸೇಲರ್‌ಗೆ ಹೊಂದಿಸಿದ್ದರೆ ತಪ್ಪುತ್ತಿತ್ತು.

ಉತ್ತರ: ಅಷ್ಟೇ, ಸೇಲರ್ ಬಲೆಯನ್ನು ನಾನು ಹೇಳದೆಯೇ ಹಿಡಿದಿರಿ. ನಾಳೆಗೆ ಇದು: "ದ ಬ್ರಿಡ್ಜ್ ಬಿಲ್ಟ್ ಬೈ ದ ವಿಲೇಜರ್ಸ್ ಕೊಲ್ಯಾಪ್ಸ್ಡ್, ದೇ ರಿಬಿಲ್ಟ್ ಇಟ್ ವಿದಿನ್ ಎ ಮಂತ್." ಪೂರ್ಣ ಕ್ರಿಯಾಪದ ಎಷ್ಟು, ಕಾಮಾ ಸಾಕಾ ಅಂತ ಕಾರಣದ ಸಮೇತ ಬರೆಯಿರಿ.